ಊರೆಲ್ಲ ಕಂಡ ರಬ್ಬರ್ ಪಟ್ಟಿ

ಮದ್ದೂರಿನ ಅಫ್ಸರ್ ಪಾಷಾ ಕದ ಮುಚ್ಚಿಕೊಂಡು ಕೆಲಸ ಮಾಡಿದವನೇ ಅಲ್ಲ. ಲಾರಿ ಟೈರಿಗೆ ತೇಪೆ ಹಾಕುವ ಅವನ ಅಂಗಡಿ ಅರ್ಧ ಬೀದಿಯಲ್ಲೇ ಇತ್ತು. ಹೋಗಿ ಬರುವವರು ನಿಂತು ನೋಡಬೇಕು, ಎರಡು ಮಾತಾಡಬೇಕು. ಇಲ್ಲದಿದ್ದರೆ ಪುಣ್ಯಾತ್ಮನಿಗೆ ಕೈಯೇ ಓಡದು.

ಕೆರಗೋಡಿನ ಹತ್ತಿರ ಕಬ್ಬು ಸಾಗಿಸುವ ಟ್ರಾಲಿಗಳಿಗೆ ಹಳಿ ಹಾಕಿದ್ದರು. ಟ್ರಾಲಿ ಹೋದಾಗಲೆಲ್ಲ ಗೆಳೆಯ ನಿಂಗಯ್ಯನ ಮನೆಯ ಮಣ್ಣಿನ ಗೋಡೆ ಅದುರಿ ಬಿರುಕು ಬಿಡುತ್ತಿತ್ತು. ಪಾಷಾ ಹಳೇ ಟೈರಿನ ಎರಡು ತುಂಡುಗಳ ನಡುವೆ ತೆಂಗಿನ ನಾರಿಟ್ಟು, ಬಿಸಿ ಮಾಡಿ ಒತ್ತಿ ಪಟ್ಟಿ ಮಾಡಿದ. ಅದನ್ನು ಹಳಿಗೂ ಕೆಳಗಿನ ಮರದ ದಿಮ್ಮಿಗೂ ಮಧ್ಯೆ ತೂರಿಸಿದ. ಅದುರುವುದು ನಿಂತಿತು. ಅಕ್ಕಪಕ್ಕದ ಮನೆಯವರು ಬಂದು ಕೇಳಿದರು. ಕೇಳಿದವರಿಗೆಲ್ಲ ಮಾಡಿಕೊಟ್ಟ, ಮಾಡುವ ಬಗೆಯನ್ನೂ ಹೇಳಿಕೊಟ್ಟ.

ಎರಡನೇ ಮಹಾಯುದ್ಧ ಶುರುವಾದ ಮೇಲೆ, ಬೆಂಗಳೂರಿನ ಒಂದು ಕಂಪನಿ ಅಂಥದೇ ಪಟ್ಟಿಗೆ ಪೇಟೆಂಟ್ ಕೇಳಿದೆ ಎಂಬ ಸುದ್ದಿ ಬಂತು. ಪೇಟೆಂಟ್ ಸಿಕ್ಕಿತೆಂದರೆ ಕಂಪನಿಯ ಅಪ್ಪಣೆಯಿಲ್ಲದೆ ಯಾರೂ ಅದನ್ನು ಮಾಡುವಂತಿಲ್ಲ. ತನ್ನ ತಲೆಯಲ್ಲಿ ಹುಟ್ಟಿದ್ದಕ್ಕೆ ತನ್ನ ಹೆಸರಿರಬೇಕು, ಅಷ್ಟೇ ಪಾಷಾನ ಆಸೆ. ಕಂಪನಿಯ ಅರ್ಜಿಗೆ ತಕರಾರು ಹಾಕಿ, ಪೇಟೆಂಟ್ ತನಗೇ ಕೊಡಿ ಎಂದು ತಾನೂ ಅರ್ಜಿ ಕೊಟ್ಟ.

"ಹೊಲದ ಬದೀನ ಜಗಳ ಬಂದ್ರೆ ಏನ್ ಮಾಡ್ತೀವ್ಲಾ? ಕಂಡೋರ್ನೆಲ್ಲ ಕರ್ಕೊಂಡೋಗಿ ನಿಲ್ಲುಸ್ತೀವಿ" ಎಂದ ನಿಂಗಯ್ಯ. "ಊರೇ ಬತ್ತದೆ, ಬುಡು."

ಪಾಷಾ ಕಂಡಿದ್ದ ನ್ಯಾಯವೂ ಅದೇ. ಹೆಚ್ಚು ಜನ ಯಾರ ಕೈಯಲ್ಲಿ ಕಂಡರೋ ವಸ್ತು ಅವರದು. ಹೆಂಡತಿ ಸರ್ವರ್ ಬೇಗಂ, "ಮೊದ್ಲು ಒಬ್ಬ ವಕೀಲರನ್ನ ಕೇಳ್ರಿ" ಎಂದಳು. "ವಕೀಲ ಏನ್ ಕಂಡವ್ನೆ? ಕಂಡೋರು ಇವ್ರು" ಎಂದು ಅವಳ ಬಾಯಿ ಮುಚ್ಚಿಸಿದ.

ಬೆಂಗಳೂರಿನ ಪೇಟೆಂಟ್ ಕಚೇರಿಯಲ್ಲಿ ಒಬ್ಬರಾದ ಮೇಲೊಬ್ಬರು ಎದೆಯುಬ್ಬಿಸಿ ಸಾಕ್ಷಿ ಹೇಳಿದರು. ನಿಂಗಯ್ಯನ ಪಕ್ಕದ ಮನೆಯ ಹೊಂಬಾಳಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು: "ಮೂರು ವರ್ಸಾತು ಸ್ವಾಮಿ. ಪಾಸಾ ಹೇಳ್ಕೊಟ್ಟ, ನಮ್ಮನೆ ಮುಂದ್ಲ ಟ್ರಾಲಿ ಕಂಬಿಗೆ ನಾನೇ ಮಾಡಿ ಆಕಿವ್ನಿ."

ಅಧಿಕಾರಿ ಕನ್ನಡಕ ತೆಗೆದಿಟ್ಟರು. "ಮೊದಲು ಮಾಡಿದ್ದು ನೀವೇ, ಪಾಷಾ ಅವರೇ, ಸಂಶಯವಿಲ್ಲ. ಆದರೆ ಪೇಟೆಂಟ್ ಕೊಡುವುದು ಹೊಸದಕ್ಕೆ. ಅರ್ಜಿಗೆ ಮುಂಚೆಯೇ ಊರೆಲ್ಲ ಬಳಸಿದ್ದು ಹೊಸದಾಗುವುದಿಲ್ಲ. ಕಂಪನಿಗೂ ಇಲ್ಲ, ನಿಮಗೂ ಇಲ್ಲ. ಇನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು."

ಊರವರಿಗೆ ಅರ್ಥವಾದದ್ದು ಕಂಪನಿಗೆ ಇಲ್ಲ ಎಂಬುದಷ್ಟೇ. ವಾಪಸು ಬರುವಾಗ ರೈಲಿನಲ್ಲಿ ನಿಂಗಯ್ಯ ಅವನ ಬೆನ್ನು ತಟ್ಟಿ, "ಗೆದ್ವಿ ಕಣ್ಲಾ ಪಾಸಾ" ಎಂದ. ಕಬ್ಬಿನ ಕಟಾವು ಬಿಟ್ಟು ತನಗಾಗಿ ಬಂದವರ ಮುಖ ನೋಡಿ ಪಾಷಾ "ಹೂಂ, ಗೆದ್ವಿ" ಎಂದ. ಒಳಗೆ ಮಾತ್ರ, ಇವರನ್ನು ಕರೆದುಕೊಂಡು ಹೋದವನು ನಾನೇ ಅಲ್ಲವೇ ಎಂದು ಕುದಿಯುತ್ತಿತ್ತು. ಆ ಸಂಕಟ ಅವನನ್ನು ಮತ್ತೆ ಬಿಡಲಿಲ್ಲ.

ಯುದ್ಧ ಮುಗಿಯಿತು. ಅದೇ ಕಂಪನಿ ಪಟ್ಟಿಗಳನ್ನು ರಾಶಿರಾಶಿ ಮಾಡಿ, ತನ್ನ ಹೆಸರೊತ್ತಿ ಮಾರತೊಡಗಿತು. ಒಂದು ದಿನ ಟ್ರಾಲಿ ಹಳಿಯ ಹೊಸ ಮೇಸ್ತ್ರಿ ಅಂಥದೊಂದನ್ನು ಅಂಗಡಿಗೆ ತಂದ.

"ಏನಪ್ಪಾ, ಇಂಥದ್ದು ಮಾಡೋಕೆ ಬತ್ತದಾ ನಿಂಗೆ?"

ಪಾಷಾ ಅದನ್ನು ತಿರುಗಿಸಿ, ಒತ್ತಿದ್ದ ಹೆಸರಿನ ಮೇಲೆ ಬೆರಳಾಡಿಸಿದ.

"ಬುಟ್ಟೋಗಿ ಸ್ವಾಮಿ. ನೋಡ್ಕೊಂಡು ಮಾಡ್ತೀನಿ" ಎಂದ.