ಉಪವಾಸ ಕೂತವರ ಅಂಗಿ

ಹದಿಮೂರು ಅಂಗಿ ಒಗೆದ ಕೂಲಿ ಸೋಪಕ್ಕನಿಗೆ ಇನ್ನೂ ಬಂದಿಲ್ಲ. ಕೊಡಬೇಕಾದವರು ದಿವಾಳಿ ಎದ್ದವರಲ್ಲ, ಬೀದಿ ಗುಡಿಸುವವರ ಸಂಘದ ಅಧ್ಯಕ್ಷರು. "ಮೂರು ತಿಂಗಳ ಸಂಬಳ ಬಾಕಿ! ನಾಚಿಕೆ ಆಗಲ್ವಾ?" ಎಂದು ಮೈಕಿನಲ್ಲಿ ಗಂಟಲು ಹರಿದುಕೊಳ್ಳುವವರು. ಆ ಗಂಟಲು ಸೋಪಕ್ಕನ ಬಾಗಿಲಿಗೆ ಬಂದರೆ ಮಾತ್ರ ಕಟ್ಟಿಕೊಳ್ಳುತ್ತಿತ್ತು.

ಓಣಿಯ ಕೊನೆಯ ಒಂಟಿ ಕೋಣೆ ಅವಳದು. ಎರಡು ಬಕೆಟ್ಟು, ಒಂದು ಒಗೆಯುವ ಕಲ್ಲು, ಸವೆದ ಹಲ್ಲುಜ್ಜುವ ಬ್ರಷ್ಷು. ಬಟ್ಟೆಯ ಮೇಲೆ ಏನೇ ಚೆಲ್ಲಿಕೊಳ್ಳಲಿ, ಊರವರು ಅಲ್ಲಿಗೇ ಬರಬೇಕು. ಎಣ್ಣೆ ಬಿದ್ದರೆ ಸೀಮೆಸುಣ್ಣದ ಪುಡಿ ಉದುರಿಸಿ ಹೀರಿಸುತ್ತಿದ್ದಳು, ಆಮೇಲೆ ಪಾತ್ರೆ ತೊಳೆಯುವ ಸೋಪು. ಟೊಮೆಟೊ ಆದರೆ ಅಂಗಿ ಮಗುಚಿ ಹಿಂದಿನಿಂದ ತಣ್ಣೀರು ಬಿಡಬೇಕು. ಮೊಟ್ಟೆ ಆದರಂತೂ ಬಿಸಿನೀರಿನ ಸುದ್ದಿಗೇ ಹೋಗಬಾರದು.

ಬಾಕಿ ಸಂಬಳಕ್ಕೆ ಸಂಘ ಉಪವಾಸ ಕೂತಿತು. ಪೊರಕೆ ಹಿಡಿಯುವ ಸೋಪಕ್ಕನ ತಂಗಿಯೂ ಕೂತಳು. ನಡುವೆ ದಿಂಬಿಗೊರಗಿದ ಅಧ್ಯಕ್ಷರು ದಿನಾ ಮಧ್ಯಾಹ್ನ "ಡಾಕ್ಟರ್ ನೋಡಬೇಕಂತೆ" ಎಂದು ಮನೆಗೆ ಹೋಗಿ, ಬೇರೆ ಅಂಗಿ ಹಾಕಿಕೊಂಡು ಬರುತ್ತಿದ್ದರು. ಬಿಚ್ಚಿದ್ದು ಸೋಪಕ್ಕನ ಬಕೆಟ್ಟಿಗೆ, ಹಿಂದಿನ ಹತ್ತು ಅಂಗಿಯಂತೆ ಸಾಲಕ್ಕೇ.

ಮೊದಲ ದಿನ ತೋಳಿನ ತುದಿಯಲ್ಲಿ ಎಣ್ಣೆ. ಎರಡನೇ ದಿನ ಹೊಟ್ಟೆಯ ಮೇಲೆ ಟೊಮೆಟೊ. ಮೂರನೇ ದಿನ ಜೇಬಿನಲ್ಲಿ ಕೋಳಿಯ ಸಣ್ಣ ಮೂಳೆಯೇ ಸಿಕ್ಕಿತು. ಡಾಕ್ಟರು ಒಳ್ಳೆಯ ಔಷಧಿಯನ್ನೇ ಬರೆದಿದ್ದರು! ಸೋಪಕ್ಕ ಬಾಯಿ ಹೊಲಿದುಕೊಂಡು ಒಗೆದಳು. ಹೇಳಿದರೆ ಹೋರಾಟ ಮುರಿಯುತ್ತದೆ, ತಂಗಿಯ ಮೂರು ತಿಂಗಳ ಸಂಬಳ ನೀರು ಪಾಲು. ಆದರೆ ನಾಲ್ಕನೇ ದಿನ ತಂಗಿ ಎದ್ದು ನಿಲ್ಲಲಾಗದೆ ಕುಸಿದಳು. ಪಕ್ಕದಲ್ಲೇ ಅಧ್ಯಕ್ಷರ ಮೈಕು, "ಅನ್ನದ ಹೆಸರು ಕೇಳಿದ್ರೇ ವಾಕರಿಕೆ ಬರುತ್ತೆ ನಂಗೆ" ಎನ್ನುತ್ತಿತ್ತು.

ಐದನೇ ಬೆಳಿಗ್ಗೆ ಅಧ್ಯಕ್ಷರ ಹೆಂಡತಿ ಏದುಸಿರು ಬಿಡುತ್ತ ಬಂದರು.

"ಸೋಪಕ್ಕಾ, ಬೇಗ! ಮಧ್ಯಾಹ್ನ ಮುನಿಸಿಪಾಲ್ಟಿ ಸಾಹೇಬ್ರು ಜ್ಯೂಸ್ ಕುಡಿಸಿ ಉಪವಾಸ ಬಿಡಿಸೋಕೆ ಬರ್ತಾರೆ, ಫೋಟೋದವರೂ ಇರ್ತಾರೆ. ಇವರಿಗೆ ಈ ಅಂಗೀನೇ ಬೇಕಂತೆ."

ಎದೆಯ ಮೇಲೆ ಅಂಗೈಯಗಲ ಹಳದಿ.

"ಕುದಿಯೋ ನೀರು ಹಾಕಿದ್ರಾ?"

"ಬೇಗ ಹೋಗಲಿ ಅಂತ..."

"ಹೋಗಲ್ಲಮ್ಮಾ. ಬಟ್ಟೆ ಮೇಲೇ ಬೇಯಿಸಿಟ್ಟಿದ್ದೀರಿ, ಇನ್ನು ಉಪ್ಪು ಮೆಣಸು ಉದುರಿಸಿ ತಿನ್ನೋದೊಂದು ಬಾಕಿ. ಉಪವಾಸದವರ ಎದೆ ಮೇಲೆ ಮೊಟ್ಟೆ ಹೇಗೆ ಬಂತು?"

"ಪಕ್ಕದವರು ತಿಂತಿದ್ರು, ಹಾರ್ತು."

"ಮೊಟ್ಟೆ ಹಾರೋದು ಮರಿ ಆದ್ಮೇಲೆ. ಹೋಗ್ಲಿ, ಮೂರು ತಿಂಗಳದ್ದೂ ಸಿಕ್ತಾ?"

"ಇವರು ಒಂದು ತಿಂಗಳದ್ದಕ್ಕೇ ಒಪ್ಕೊಂಡ್ರು. ಪಾಪ, ಇವರಿಗೆ ಇನ್ನು ಹಸಿವು ತಡೆಯೋಕಾಗಲ್ವಂತೆ."

ಸೋಪಕ್ಕ ಅಂಗಿಯನ್ನು ನೀರಿಗೆ ಹಾಕಲಿಲ್ಲ. ಹಾಗೇ ಹಿಂಡಿ, ಹೆಗಲಿಗೆ ಹಾಕಿಕೊಂಡು ನಡೆದಳು. "ಏಯ್, ಎಲ್ಲಿಗೆ? ಒದ್ದೆ ಇದೆ!" ಎನ್ನುತ್ತ ಆಕೆ ಹಿಂದೆ ಓಡಿದರು.

"ಒಣಗಿಸೋಕೆ."

ಉಪವಾಸ ಕೂತಿದ್ದ ಚಪ್ಪರದ ಮುಂದಿನ ಹಗ್ಗಕ್ಕೆ, ಕಲೆ ಬೀದಿಗೆ ಕಾಣುವಂತೆ, ಎರಡು ಕ್ಲಿಪ್ಪು ಹಾಕಿದಳು.

"ಅಕ್ಕಾ, ಇದೇನೇ?" ತಂಗಿ ಮಲಗಿದ್ದಲ್ಲಿಂದಲೇ ಕೇಳಿದಳು.

"ನಿಮ್ಮ ಅಧ್ಯಕ್ಷರ ನಿನ್ನೆಯ ಊಟ ಕಣೇ. ಇದಕ್ಕೇ ನಿಮ್ಮ ಎರಡು ತಿಂಗಳ ಸಂಬಳ ಬಿಟ್ಟುಕೊಟ್ಟಿದ್ದಾರೆ."

ಅಧ್ಯಕ್ಷರು ಮೈಕಿಗೆ ಕೈ ಚಾಚಿದರು. ಅಷ್ಟರಲ್ಲಿ ಮೈಕು ತಂಗಿಯ ಕೈಯಲ್ಲಿತ್ತು. ಮಧ್ಯಾಹ್ನ ಬಂದ ಸಾಹೇಬರು ಜ್ಯೂಸನ್ನು ವಾಪಸು ಒಯ್ದರು. ಹೋರಾಟ ಮುರಿಯಲಿಲ್ಲ. ಹೆಂಗಸರು ಉಪವಾಸ ಬಿಟ್ಟು ಅಲ್ಲೇ ಒಲೆ ಹೂಡಿ, ಹೊಟ್ಟೆ ತುಂಬ ಉಂಡು, ಪೊರಕೆ ಮುಟ್ಟದೆ ಕೂತರು. ಊರು ನಾರಿತು. ಒಂಬತ್ತನೇ ದಿನ ಮೂರು ತಿಂಗಳದ್ದೂ ಬಂತು.

ಸೋಪಕ್ಕನ ಹದಿಮೂರು ಅಂಗಿಯದು ಬಂದಿಲ್ಲ. ಈಗ ನಿಮ್ಮ ಸರದಿ. ನಿಮ್ಮ ಮೈಮೇಲಿನ ಬಟ್ಟೆ ಒಗೆದವರು ಯಾರು? ಅವರ ಕೂಲಿ ಬಾಕಿ ಇದ್ದರೆ ಓದಿದ್ದು ಸಾಕು, ಎದ್ದು ಹೋಗಿ ಕೊಟ್ಟು ಬನ್ನಿ.