ಉತ್ತರ ದಿಬ್ಬದ ಮೇಲೆ

ಅವರ ಮೀಸೆಯ ಬಲಗಡೆ ಕಪ್ಪು, ಎಡಗಡೆ ಬಿಳುಪು. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸುವ ಡ್ರಮ್ಮು ಕಟ್ಟಿ, ಅದರ ಅನಿಲದಿಂದಲೇ ಓಡಿಸುತ್ತಿದ್ದರು. ಅದನ್ನು ಕೆದಕಿದ ಕೈಯಲ್ಲೇ ಮೀಸೆ ತಿರುವುತ್ತಿದ್ದರು ನಮ್ಮ ಕಂಡಕ್ಟರು.

ಚನ್ನಗಿರಿಯಿಂದ ತ್ಯಾವಣಿಗೆ ಕಡೆಗೆ ಹೊರಟರೆ ಸೂಳೆಕೆರೆ ಹತ್ತಿರದ ದಿಬ್ಬದಲ್ಲಿ ಬಸ್ಸು ಕೆಮ್ಮಿ ನಿಲ್ಲುತ್ತಿತ್ತು. ಎಲ್ಲರೂ ಇಳಿದು ತಳ್ಳಬೇಕು. ತಳ್ಳಿಸಲು ಕಂಡಕ್ಟರು ಬಯ್ಯುತ್ತಿರಲಿಲ್ಲ, ಒಂದು ಪ್ರಶ್ನೆ ಎಸೆಯುತ್ತಿದ್ದರು.

"ಹಿಂದೆ ಫ್ರಾನ್ಸ್ ದೇಶದಾಗೆ ಇಲಿಗಳ ಮ್ಯಾಲೆ ಕೋರ್ಟಿನಾಗೆ ಕೇಸು ಹಾಕಿದ್ರು ಕಣ್ರೀ! ಇಲಿಗಳು ಹಾಜರಾಗಲಿಲ್ಲ. ಅವುಗಳ ವಕೀಲ ಏನು ಸಬೂಬು ಹೇಳಿದ? ಉತ್ತರ ದಿಬ್ಬದ ಮ್ಯಾಲೆ!"

ಅಡಿಕೆ ಸಾಹುಕಾರರೂ ಪಂಚೆ ಎತ್ತಿ ಕಟ್ಟಿ ತಳ್ಳಿದರು. ಮೇಲೆ ತಲುಪಿ ಏದುಸಿರು ಬಿಡುತ್ತಿದ್ದವರಿಗೆ ಉತ್ತರ ಸಿಕ್ಕಿತು: "ದಾರಿ ತುಂಬ ಬೆಕ್ಕು ಅದಾವೆ ಸ್ವಾಮಿ, ನನ್ನ ಕಕ್ಷಿದಾರರಿಗೆ ಜೀವಭಯ ಐತೆ, ಅಂದ!"

ಇಂಥದ್ದನ್ನೆಲ್ಲ ಅವರು ಪ್ರಯಾಣಿಕರು ಬಿಟ್ಟುಹೋದ ಹಳೇ ಪತ್ರಿಕೆಗಳಿಂದ ಹೆಕ್ಕುತ್ತಿದ್ದರು. ಆದರೆ ದಿನಾ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದ ಹುಡುಗ ನಾನು, ಸುಳ್ಳು ಹೇಳಿ ಇಡೀ ಚನ್ನಗಿರಿಗೆ ಟೋಪಿ ಹಾಕಿದವನು. ನನಗೇ ಇನ್ನೊಬ್ಬರು ಟೋಪಿ ಹಾಕುವುದೆಂದರೇನು? ಕಪ್ಪೆ ತನ್ನ ತುತ್ತನ್ನು ಕಣ್ಣಿನಿಂದ ಒಳಕ್ಕೆ ತಳ್ಳುತ್ತದೆ ಎಂದು ಅವರು ಅಂದ ದಿನ ನಾನು ಬಿಡಲಿಲ್ಲ.

"ಏನ್ರೀ, ರೈಲು ಬಿಡ್ತೀರಾ?"

"ಸುಳ್ಳಾದ್ರೆ ಈ ಮೀಸೆ ಬೋಳಿಸ್ತೀನಿ ಕಣೋ. ನಿಜ ಆದ್ರೆ?"

"ಬಸ್ಸು ನಿಂತಾಗೆಲ್ಲ ಮೊದಲು ನಾನೇ ಇಳಿದು ತಳ್ತೀನಿ!"

ಬಸ್ಸನ್ನು ಕೆರೆ ದಂಡೆಯಲ್ಲಿ ನಿಲ್ಲಿಸಿ ಎಲ್ಲರೂ ಒಂದು ಗೂಂಕರುಕಪ್ಪೆಯ ಸುತ್ತ ಕುಕ್ಕರುಗಾಲಲ್ಲಿ ಕುಳಿತರು. ಪ್ರಯಾಣಿಕರಲ್ಲಿದ್ದ ಕ್ಷೌರದವನು ಕತ್ತಿ ಮಸೆಯತೊಡಗಿದ. ಕಂಡಕ್ಟರು ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡರು. ಯಾರೋ ಮಿಡತೆ ಹಿಡಿದು ಮುಂದೆ ಬಿಟ್ಟರು.

ಗುಳುಂ! ಕಪ್ಪೆಯ ಎರಡೂ ಕಣ್ಣು ತಲೆಯೊಳಕ್ಕೆ ಇಳಿದುಹೋದವು. ಮತ್ತೆ ಮೇಲೆದ್ದವು.

"ನೋಡಿದೇನೋ ತಮ್ಮಾ! ಕಣ್ಣುಗುಡ್ಡೆ ಇಳಿದು ತುತ್ತನ್ನ ಗಂಟಲಿಗೆ ಹೆಂಗೆ ಒತ್ತತೈತೆ!"

ಅವರು ಕುಣಿದರು. ಸೋತ ನಾನೂ ಕುಣಿದೆ. ನನ್ನ ಎಲ್ಲ ಸುಳ್ಳುಗಳಿಗಿಂತ ನಿಜವೇ ದೊಡ್ಡ ಕಿಲಾಡಿ ಎಂದು ಅವತ್ತು ಕಂಡೆ. ಆ ಬಸ್ಸು ಓಡುವವರೆಗೂ ಮೊದಲ ಹೆಗಲು ನನ್ನದೇ. ನನ್ನಷ್ಟು ಚೆನ್ನಾಗಿ ತಳ್ಳಿದವರು ಈ ಸೀಮೆಯಲ್ಲೇ ಇಲ್ಲ ಬಿಡಿ.

ಎಷ್ಟೋ ವರ್ಷದ ಮೇಲೆ ಅವರು ಹಾಸಿಗೆ ಹಿಡಿದಾಗ ಅವರೂರು ಹೊನ್ನಾಳಿಗೆ ನೋಡಲು ಹೋದೆ. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

"ಚಿಟ್ಟೆ ರುಚಿ ನೋಡೋದು ಯಾವುದರಿಂದ, ಹೇಳು?"

"ನೀವೇ ಹೇಳ್ರೀ."

ಕಣ್ಣು ಮಿಟುಕಿಸಿದರು. "ದಿಬ್ಬದ ಮ್ಯಾಲೆ."

ಆ ವಾರವೇ ತೀರಿಹೋದರು. ಆ ಉತ್ತರಕ್ಕಾಗಿಯೇ ನಾನು ಪುಸ್ತಕ ಹಿಡಿದದ್ದು, ಇವತ್ತಿಗೂ ಕೆಳಗಿಟ್ಟಿಲ್ಲ. ಉತ್ತರ ಎಂದೋ ಸಿಕ್ಕಿತು. ಹೇಳುವುದಿಲ್ಲ. ನೀವೂ ಸ್ವಲ್ಪ ತಳ್ಳಿ.