ಗೋಣಿಯ ಮರೆ

ನಮ್ಮ ಅಕ್ಕಿ ಗಿರಣಿಯ ಗಂಡಸರಿಗೆ ಪ್ರಥಮ ಚಿಕಿತ್ಸೆ ಕಲಿಸಿದ ದಿನ ನಾವು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಆ ನಗುವನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಒಬ್ಬರ ಕಡೆ ಬೆರಳು ತೋರಿಸಲಾರೆ. ಆ ಗಿರಣಿಯಲ್ಲಿ ಇದ್ದವರೆಲ್ಲರ ಮೇಲೆ ಎಂದರೆ ಸುಳ್ಳಾಗುವುದಿಲ್ಲ.

ಗಿರಣಿ ಇದ್ದದ್ದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿಯುವ ಕಡೆ. ಅರವತ್ತರ ದಶಕವದು. ಹೊಗೆ ಕಾರುವ ಎಣ್ಣೆ ಇಂಜಿನ್ನು ಹೋಗಿ ಕರೆಂಟಿನ ಮೋಟಾರು ಬಂದಿತ್ತು. ಅಕ್ಕ, ಭಾವ, ನಾನು ಮೂವರೂ ಅಲ್ಲಿಯೇ ದುಡಿಯುತ್ತಿದ್ದೆವು. ಭಾವ ಹಮಾಲಿ. ಹೊಸನಗರ, ಹುಂಚದ ಕಡೆಯಿಂದ ಬರುವ ಲಾರಿಗಳಿಂದ ಭತ್ತದ ಮೂಟೆ ಇಳಿಸುತ್ತಿದ್ದರು. ಅಕ್ಕ ಮತ್ತು ನಾನು ಕುಚ್ಚಲಕ್ಕಿಗೆ ಭತ್ತ ನೆನೆಹಾಕಿ, ಬೇಯಿಸಿ, ಅಂಗಳದಲ್ಲಿ ಹರಡುವವರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಮದುವೆಯಾಗುವಾಗ ತಂಗಿಯೂ ಜೊತೆಗೆ ಬರುತ್ತಾಳೆ ಎಂದು ಹಟ ಹಿಡಿದು ನನ್ನನ್ನು ಕರೆದುಕೊಂಡೇ ಗಂಡನ ಮನೆಗೆ ಬಂದವಳು. ಅವಳಿಲ್ಲದ ಮನೆ ಹೇಗಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮೋಟಾರು ಬಂದ ಮೇಲೆ ಯಾರೋ ಸರ್ಕಾರಿ ಅಧಿಕಾರಿ ಗಿರಣಿ ನೋಡಿ ಹೋದರು. ಪೆಟ್ಟಾದರೆ, ಶಾಕ್ ಹೊಡೆದರೆ ಏನು ಮಾಡಬೇಕೆಂದು ಕೆಲಸದವರಿಗೆ ಕಲಿಸಿ ಎಂದು ಸಾಹುಕಾರರಿಗೆ ಹೇಳಿದರಂತೆ. ಒಂದು ಭಾನುವಾರ ಶಿವಮೊಗ್ಗದಿಂದ ಖಾಕಿ ಚಡ್ಡಿ ತೊಟ್ಟ ಒಬ್ಬ ಮೇಷ್ಟ್ರು ಬಂದರು. ಕೆಲಸದವರೆಂದರೆ ಗಂಡಸರು ಎಂದೇ ಸಾಹುಕಾರರ ಲೆಕ್ಕ. ನಮಗೆ ಚಾಪೆ ಹಾಸುವ, ಕಾಫಿ ಕಾಯಿಸುವ ಕೆಲಸ ಕೊಟ್ಟರು.

"ಹೆಂಗಸ್ರು ಇದನ್ನೆಲ್ಲ ನೋಡಿ ಎಂತ ಮಾಡ್ಬೇಕು? ಹೋಗಿ ಭತ್ತ ತಿರುವಿ ಹಾಕಿ" ಎಂದು ಸಾಹುಕಾರರು ಗದರಿದರು. ನಾವು ಹೋದ ಹಾಗೆ ಮಾಡಿ ತೌಡಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆವು.

ಮೇಷ್ಟ್ರು ಗಿರಣಿಯ ಗುಮಾಸ್ತರನ್ನು ಚಾಪೆಯ ಮೇಲೆ ಬೋರಲು ಮಲಗಿಸಿದರು. ಶಾಕ್ ಹೊಡೆದು ಉಸಿರು ನಿಂತವರನ್ನು ಹೀಗೆ ಮಲಗಿಸಬೇಕು, ಮುಖ ಒಂದು ಕಡೆಗೆ ತಿರುಗಿಸಬೇಕು, ತೊಡೆಗಳ ಆಚೆ ಈಚೆ ಮಂಡಿಯೂರಿ ಕೂತು, ಎರಡೂ ಅಂಗೈ ಸೊಂಟದ ಮೇಲ್ಭಾಗಕ್ಕೆ ಇಟ್ಟು, ಮೈ ಭಾರ ಬಿಟ್ಟು ಒತ್ತಬೇಕು, ಮತ್ತೆ ಸಡಿಲಿಸಬೇಕು. ಗುಮಾಸ್ತರಿಗೆ ಕಚಗುಳಿ. ಹೆಣವಾಗಿ ಮಲಗಿದವರು ಕಿಸಕ್ಕೆಂದು ನಗುತ್ತ ಹೊರಳಾಡಿದರು. ಮೋಟಾರು ನೋಡಿಕೊಳ್ಳುವ ಮೇಸ್ತ್ರಿ ಕೂತು ಒತ್ತಿದರು, ಭಾವನೂ ಕೂತು ಒತ್ತಿದರು. ಮೂಟೆ ಹೊತ್ತು ಪಳಗಿದ ಭಾವನ ಕೈಯನ್ನು ಮೇಷ್ಟ್ರು ಮೆಚ್ಚಿದರು. "ಹದ ಅಂದ್ರೆ ಇದು ನೋಡಿ" ಎಂದರು. ಬಾಗಿಲಲ್ಲಿ ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಉಸಿರು ನಿಂತ ಮೇಲೆ ತಡ ಮಾಡಿದಷ್ಟೂ ಪ್ರಾಣ ದೂರ ಹೋಗುತ್ತದೆ ಎಂದು ಮೇಷ್ಟ್ರು ಮತ್ತೆ ಮತ್ತೆ ಹೇಳಿದರು. ಡಾಕ್ಟರು ಬಂದು ಸಾಕು ಎನ್ನುವವರೆಗೆ ಕೈ ಬಿಡಬೇಡಿ ಎಂದರು. ಮಲಗಿರುವುದು ಹೆಂಗಸಾದರೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಕಾಫಿ ಲೋಟ ತೊಳೆಯುವವರು ಪ್ರಶ್ನೆ ಕೇಳುವ ಕಾಲವಲ್ಲ ಅದು.

ಆ ಸಂಜೆ ಮನೆಯಲ್ಲಿ ಅಕ್ಕ ಭಾವನನ್ನು ಕೆಣಕಿದಳು. "ಹೆಂಗೆ ಒತ್ತದು, ನಂಗೂ ತೋರ್ಸಿ ನೋಡಣ."

ಭಾವ ಕಿವಿಯವರೆಗೆ ಕೆಂಪಾದರು. "ಥೂ, ನಾಚ್ಕೆ ಇಲ್ಲ ನಿಂಗೆ. ತಂಗಿ ಇದಾಳೆ ಎದ್ರಿಗೆ."

ಸುಗ್ಗಿ ಮುಗಿದು ಗಿರಣಿಗೆ ಪುರುಸೊತ್ತಿಲ್ಲದ ದಿನಗಳು ಬಂದವು. ಒಂದು ಬೆಳಗ್ಗೆ ಮೋಟಾರಿನ ಹತ್ತಿರ ತೌಡು ಚೆಲ್ಲಿದೆ, ಗುಡಿಸಲು ಯಾರಾದರೂ ಬನ್ನಿ ಎಂದು ಒಳಗಿನಿಂದ ಕೂಗಿದರು. ಅಕ್ಕ ನೆನೆಹಾಕಿದ ಭತ್ತದ ತೊಟ್ಟಿಯಿಂದ ಎದ್ದು ಹಾಗೆಯೇ ಹೋದಳು. ಕೈಯೂ ಒದ್ದೆ, ಕಾಲೂ ಒದ್ದೆ. ನಾನು ಪೊರಕೆ ಹಿಡಿದು ಅವಳ ಹಿಂದೆಯೇ ಹೋಗುತ್ತಿದ್ದೆ. ಅವಳು ಬಗ್ಗುವಾಗ ಆಸರೆಗೆಂದು ಮೋಟಾರಿನ ಕಬ್ಬಿಣಕ್ಕೆ ಕೈ ಊರಿದಳು. ಕೂಗಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಸದ್ದು ಮಾತ್ರ ಬಂತು. ಕೈ ಅಲ್ಲಿಯೇ ಅಂಟಿಕೊಂಡು ಮೈ ಅದುರತೊಡಗಿತು.

ಮೇಸ್ತ್ರಿ ಹಾರಿ ಹೋಗಿ ಮೈನ್ ಸ್ವಿಚ್ಚು ಎಳೆದರು. ಗುಮಾಸ್ತರು ಒಣ ಬಿದಿರು ತಂದು ಅವಳನ್ನು ಕಬ್ಬಿಣದಿಂದ ಆಚೆ ತಳ್ಳಿದರು. ಕಲಿತದ್ದನ್ನು ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಮಾಡಿದರು. ಆಮೇಲೆ ನಿಂತರು.

ಅಕ್ಕ ಬೋರಲಾಗಿ ಬಿದ್ದಿದ್ದಳು. ಸೀರೆ ಮಂಡಿಯವರೆಗೆ ಸರಿದಿತ್ತು. ನಾನು ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ, ಉಸಿರಿರಲಿಲ್ಲ. ಮೈ ಬೆಚ್ಚಗಿತ್ತು.

"ಒತ್ರೀ! ಅವತ್ತು ಕಲ್ತ್ರಲ್ಲ, ಒತ್ರೀ!" ಎಂದು ಕಿರುಚಿದೆ.

ಮೇಸ್ತ್ರಿ ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು. "ಬೇರೆಯವ್ನ ಹೆಂಡ್ತಿ ಕಣೆ. ಹೆಂಗೆ ಮೇಲೆ ಕೂರದು? ಅವ್ಳ ಗಂಡನ್ನ ಕರೀರಿ ಯಾರಾದ್ರೂ."

"ಅಣ್ಣಾ, ನಿಮ್ ತಂಗಿ ಅಂದ್ಕಳಿ. ನಿಮ್ ಕಾಲು ಹಿಡೀತೀನಿ."

ನಿಜವಾಗಿಯೂ ಹಿಡಿಯಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಗುಮಾಸ್ತರನ್ನು ನೋಡಿದೆ, ಅವರು ಬಿದಿರು ಹಿಡಿದು ನೆಲ ನೋಡುತ್ತಿದ್ದರು. ಅವರಲ್ಲಿ ಯಾರೂ ಕಟುಕರಲ್ಲ. ನಮ್ಮ ಮನೆಯ ಕಷ್ಟಸುಖಕ್ಕೆ ಬಂದು ನಿಂತವರೇ. ಅದಕ್ಕೇ ಇನ್ನೂ ಉರಿಯುತ್ತದೆ ನನಗೆ.

ಯಾರೋ ಓಡಿಹೋಗಿ ಲಾರಿಯ ಹತ್ತಿರವಿದ್ದ ಭಾವನನ್ನು ಕರೆತಂದರು. ಮೂಟೆ ಎಳೆಯುವ ಕೊಕ್ಕೆ ಕೈಯಲ್ಲೇ ಇತ್ತು. ಅದನ್ನು ಎಸೆದು ಅಕ್ಕನ ಪಕ್ಕ ಕುಸಿದು ಕೂತರು. ಕಲಿತ ಕೈ ಬಂತು, ಕಟ್ಟಿಕೊಂಡ ಗಂಡನೇ ಬಂದ, ಇನ್ನು ಅಕ್ಕ ಬದುಕಿದಳು ಎಂದುಕೊಂಡೆ. ಭಾವ ಮೊದಲು ಮಾಡಿದ್ದೇನು ಗೊತ್ತೇ? ಅವಳ ಸೀರೆಯನ್ನು ಕಾಲ್ಬೆರಳವರೆಗೆ ಎಳೆದು ಮುಚ್ಚಿದರು. ಆಮೇಲೆ ತಲೆಯೆತ್ತಿ ಸುತ್ತ ನೋಡಿದರು. ಇಡೀ ಗಿರಣಿ ನೆರೆದಿತ್ತು. ಪಕ್ಕದಲ್ಲಿ ಕೂತಲ್ಲಿಂದಲೇ ಬೆರಳ ತುದಿಯಿಂದ, ಬಿಸಿ ಪಾತ್ರೆ ಮುಟ್ಟಿದ ಹಾಗೆ, ಅವಳ ಬೆನ್ನು ಮುಟ್ಟಿದರು.

"ಮೇಲೆ ಕೂತು ಜೋರಾಗಿ ಒತ್ತಿ, ಭಾವ!"

"ಎಲ್ರೂ ಇದಾರೆ ಕಣೆ..." ಅವರ ದನಿ ಅಳುವ ಮಗುವಿನದಾಗಿತ್ತು. "ಎಲ್ರ ಎದ್ರಿಗೆ ಹೆಂಗೆ?"

ಆಗ ಮೇಸ್ತ್ರಿಗೆ ದಾರಿ ಹೊಳೆಯಿತು. "ಗೋಣಿ ತನ್ರೋ! ಸುತ್ತ ಮರೆ ಮಾಡಿ!" ಎಂದು ಕೂಗಿದರು. ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂಬ ಹಾಗೆ ಗಂಡಸರೆಲ್ಲ ಗೋಣಿ ತರಲು ಓಡಿದರು. ಬೆಂಕಿ ಬಿದ್ದಾಗ ಬಾವಿ ತೋಡುವುದೆಂದರೆ ಇದೇ. ಹಗ್ಗ ಎಲ್ಲಿ, ಆ ಕಂಬಕ್ಕೆ ಕಟ್ಟು, ಇದು ಗಿಡ್ಡ ಆಯ್ತು, ಇನ್ನೊಂದು ತಾ. ನಾನು ಕಾಯಲಿಲ್ಲ. ಭಾವನನ್ನು ಆಚೆ ನೂಕಿ ಅಕ್ಕನ ಮೇಲೆ ಕೂತು ಒತ್ತಿದೆ. ಬಾಗಿಲ ಸಂದಿಯಲ್ಲಿ ನಗುತ್ತ ನೋಡಿದ ವಿದ್ಯೆ. ಎಲ್ಲಿ ಒತ್ತಬೇಕು, ಯಾವಾಗ ಬಿಡಬೇಕು ಒಂದೂ ನೆನಪಿಲ್ಲ. ನನ್ನ ಕೈಯಲ್ಲಿ ಬಲವೂ ಇಲ್ಲ.

ಗೋಣಿಯ ಆಚೆಯಿಂದ ಮೇಸ್ತ್ರಿಯ ದನಿ ಕೇಳಿತು. "ಅಷ್ಟು ಮೇಲಲ್ಲ, ಕೆಳಗೆ. ಪಕ್ಕೆ ಮುಗಿಯೋ ಕಡೆ. ಮೈ ಭಾರ ಬಿಡು. ಈಗ ಸಡಿಲ ಮಾಡು." ಎಲ್ಲವನ್ನೂ ಸರಿಯಾಗಿ ಹೇಳಿದರು. ಅವರಿಗೆ ಪೂರ್ತಿ ಬರುತ್ತಿತ್ತು. ಗೋಣಿಯ ಕೆಳಗೆ ಅವರ ಪಾದಗಳು ನನಗೆ ಕಾಣುತ್ತಿದ್ದವು.

ಒಮ್ಮೆ ಒತ್ತಿದಾಗ ಅಕ್ಕನ ಬಾಯಿಂದ ಸಣ್ಣ ನರಳಿಕೆ ಬಂತು. "ಬಂತು, ಉಸಿರು ಬಂತು!" ಎಂದು ಕೂಗಿದೆ. ಆಚೆ ನಿಂತವರೆಲ್ಲ ದೇವರನ್ನು ಕರೆದರು. ಅದು ನಾನು ಒತ್ತಿದ್ದಕ್ಕೆ ಹೊರಬಿದ್ದ ಗಾಳಿ ಎಂದು ಆಮೇಲೆ ತಿಳಿಯಿತು.

ನಾಲ್ಕೂ ಕಡೆ ಮರೆ ಆದ ಮೇಲೆ ಭಾವ ನನ್ನ ಭುಜ ಮುಟ್ಟಿ ಏಳಿಸಿದರು. ತಾವು ಕೂತು ಒತ್ತತೊಡಗಿದರು. ಅಬ್ಬಾ, ಎಂಥ ಹದದ ಕೈ. ಸ್ವಲ್ಪವೂ ತಪ್ಪಲಿಲ್ಲ, ಸ್ವಲ್ಪವೂ ನಿಲ್ಲಲಿಲ್ಲ. ಬೆವರು ಅಕ್ಕನ ರವಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಅವಳ ಮುಖದ ಹತ್ತಿರ ಕೂತು ಕೈ ತಿಕ್ಕುತ್ತಿದ್ದೆ. ಉಗುರು ನೀಲಿಗಟ್ಟಿದ್ದವು. ಏಳೇ ಅಕ್ಕ, ನಾನೊಬ್ಬಳೇ ಆಗ್ತೀನಿ ಕಣೆ, ಏಳೇ ಎಂದು ಗೋಗರೆದೆ. ಬೆಚ್ಚಗಿದ್ದ ಕೈ ನನ್ನ ಕೈಯೊಳಗೇ ತಣ್ಣಗಾಗುತ್ತಿತ್ತು. ಎಷ್ಟು ತಿಕ್ಕಿದರೂ ತಣ್ಣಗಾಗುತ್ತಲೇ ಹೋಯಿತು.

ಸಾಹುಕಾರರು ತಮ್ಮ ಕಾರಿನಲ್ಲಿ ಡಾಕ್ಟರನ್ನು ಕರೆತಂದರು. ಡಾಕ್ಟರು ಗೋಣಿಯನ್ನು ಒಂದೇ ಏಟಿಗೆ ಎಳೆದು ಒಳಗೆ ಬಂದರು. ಅಕ್ಕನನ್ನು ಅಂಗಾತ ಮಾಡಿ, ಎದೆಗೆ ಸ್ಟೆತಸ್ಕೋಪು ಇಟ್ಟರು, ರೆಪ್ಪೆ ಎತ್ತಿ ನೋಡಿದರು. ಆಮೇಲೆ ಕೇಳಿದರು, "ಶಾಕ್ ಹೊಡೆದ ತಕ್ಷಣ ಶುರು ಮಾಡಿದ್ರಾ?"

ಮೇಸ್ತ್ರಿ ಹೇಳಿದರು, "ಗೋಣಿ ಕಟ್ಟದು ಸ್ವಲ್ಪ ತಡ ಆಯ್ತು ಸಾರ್."

ಡಾಕ್ಟರು ಅವರನ್ನು ನೋಡಿದರು, ಗೋಣಿಯನ್ನು ನೋಡಿದರು. ಭಾವ ಅವಳನ್ನು ಮತ್ತೆ ಬೋರಲು ಮಾಡಲು ಹೊರಟಿದ್ದರು. ಡಾಕ್ಟರು ಅವರ ಕೈ ಹಿಡಿದು "ಸಾಕು" ಎಂದರು. ಭಾವ ಕೈ ಬಿಡಿಸಿಕೊಂಡು ಮತ್ತೆ ಒತ್ತಲು ಹೋದರು. ಆ ಕೈಗಳನ್ನು ಹಿಡಿದು ನಿಲ್ಲಿಸಬೇಕಾದವಳು ನಾನಾದೆ.

ಪೋಲೀಸರು ಬರೆದುಕೊಳ್ಳಬೇಕು, ಹೆಣ ಕೊಯ್ದು ನೋಡಲು ದೊಡ್ಡಾಸ್ಪತ್ರೆಗೆ ಸಾಗಿಸಬೇಕು ಎಂದು ಡಾಕ್ಟರು ಹೇಳಿದರು. ಭತ್ತ ಇಳಿಸಿದ ಲಾರಿಯೇ ಬಾಗಿಲಿಗೆ ಬಂತು. ಆಗ ನೋಡಬೇಕಿತ್ತು. ಮೇಸ್ತ್ರಿ ಅಕ್ಕನ ಭುಜಕ್ಕೆ ಕೈ ಹಾಕಿದರು. ಗುಮಾಸ್ತರು ಕಾಲು ಹಿಡಿದರು. ಇನ್ನೂ ಇಬ್ಬರು ಹಮಾಲಿಗಳು ಸೊಂಟದ ಕೆಳಗೆ ಕೈ ತೂರಿಸಿದರು. ಹೆಣಕ್ಕೆ ಹೆಂಗಸು ಗಂಡಸು ಎಂಬುದಿಲ್ಲವಂತೆ. ನನ್ನ ತಲೆಯಲ್ಲಿ ಏನೋ ಕಡಿದು ಹೋಯಿತು.

"ಮುಟ್ಬೇಡಿ!" ಎಂದು ಅವರ ಕೈಗಳ ಮೇಲೆ ಹೊಡೆದೆ. "ಈಗ ಯಾರೂ ಮುಟ್ಬೇಡಿ ಅವ್ಳನ್ನ!"

"ಎಂತ ಮಾರಾಯ್ತಿ," ಮೇಸ್ತ್ರಿ ಅಳುತ್ತಿದ್ದರು, "ಹೆಂಗಸ್ರ ಕೈಲಿ ಎತ್ತಕ್ಕೆ ಆಗುತ್ತಾ?"

ಆಯಿತು. ಭತ್ತ ಬೇಯಿಸುವ ಹಂಡೆ ಎತ್ತುವ ಹೆಂಗಸರು ನಾವು. ಅಂಗಳದಿಂದ ಎಲ್ಲರೂ ಬಂದು ಕೈ ಜೋಡಿಸಿದರು, ಅಕ್ಕನನ್ನು ಎತ್ತಿ ಲಾರಿಗೆ ಏರಿಸಿದೆವು. ಭಾವ ಹಿಂದೆಯೇ ಹತ್ತಿದರು. ಅವರನ್ನು ನಾನು ತಡೆಯಲಿಲ್ಲ.

ಲಾರಿ ಪೇಟೆಯ ನಡುವೆ ನಿಧಾನವಾಗಿ ಸಾಗಿತು. ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದವರು, ಹೋಟೆಲಿನ ಜಗಲಿಯಲ್ಲಿ ಕೂತವರು ಎಲ್ಲ ಎದ್ದು ನೋಡಿದರು. ಮೇಲೆ ಹೊದಿಕೆಯಿಲ್ಲದ ಲಾರಿ. ಭಾವ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳಲ್ಲಿ ಅವಳ ಕೆನ್ನೆ ಹಿಡಿದು, ಹೆಸರು ಹಿಡಿದು ಕೂಗುತ್ತಿದ್ದರು. ಅವರ ಬಾಯಲ್ಲಿ ಅಕ್ಕನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಈಗ ನಾಚಿಕೆ ಎಲ್ಲಿ ಹೋಯಿತು ಭಾವ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ಸುಮ್ಮನಾದೆ.